ರೊಟ್ಟಿ ಅಂಚಿನ ಫುಟ್ಬಾಲು

ಕೆಲವರ ಕಾರಿಗೆ ಮೇಲಿಂದ ಮೇಲೆ ಪಾರ್ಕಿಂಗ್ ಟಿಕೆಟ್ ಬೀಳುತ್ತದೆ. ಕೆಲವರು ಯಾವ ಮದುವೆಗೆ ಹೋದರೂ ಅವರ ಪಂಕ್ತಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. ನನಗೆ ಈ ಕೆಳಗಿನಂಥವು ಆಗುತ್ತವೆ. ನಾನೇನೂ ಮಾಡುವುದಿಲ್ಲ. ಯಾರಾದರೂ ಕೇಳಿದರೆ ಉತ್ತರ ಕೊಡುತ್ತೇನೆ, ಅಷ್ಟೆ; ಮುಂದಿನದು ತಾನಾಗಿಯೇ ಆಗುತ್ತದೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಈ ಬರಹದಲ್ಲಿ ಅವಳು ಒಪ್ಪದ ಕಡೆ ಹಾಗೆಂದು ಬರೆದಿದ್ದೇನೆ. ಎಲ್ಲ ಕಡೆಯೂ ಬರೆದರೆ ಉದ್ದವಾಗುತ್ತದೆಂದು ಕೆಲವು ಬಿಟ್ಟಿದ್ದೇನೆ.

೧. ಫ್ರಿಜ್ಜಿನ ಮೇಲಿನ ಕರಾರು

ನಾನು ಧಾರವಾಡದವನು. ಟೊರಾಂಟೋ ಸುತ್ತಮುತ್ತಲಿನ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತೇನೆ. ಮನೆ ಜಾರ್ಜ್‌ಟೌನಿನಲ್ಲಿ. ಆ ಮನೆಯನ್ನು ನಮಗೆ ಮಾರಿದ ಇಟಾಲಿಯನ್ ಮುದುಕ ಬೇಸ್‌ಮೆಂಟಿನಲ್ಲಿ ಎರಡನೇ ಅಡುಗೆಮನೆ ಕಟ್ಟಿಸಿದ್ದ, ವರ್ಷಕ್ಕೊಮ್ಮೆ ಟೊಮೆಟೊ ಸಾಸ್ ಕುದಿಸಲಿಕ್ಕೆ. ದೊಡ್ಡದೊಂದು ಒಲೆ, ಒಲೆಯ ಮೇಲೆ ಆನೆಯ ಸೊಂಡಿಲಿನ ಹಾಗೆ ಹೊಗೆ ಹೀರುವ ಫ್ಯಾನು. ನಾನು ಆ ಒಲೆಯ ಮೇಲೆ ಒಂದು ಹಲಗೆ ಹಾಕಿ, ಹಲಗೆಯ ಮೇಲೆ ನನ್ನ ಕಂಪ್ಯೂಟರ್ ಇಟ್ಟುಕೊಂಡಿದ್ದೆ.

ಕಂಪ್ಯೂಟರಿನಲ್ಲಿ ಒಂದು ಫುಟ್ಬಾಲ್ ಆಟ. ಅದರಲ್ಲಿ ನಾವು ಚೆಂಡು ಒದೆಯುವುದಿಲ್ಲ. ನಾವು ಮ್ಯಾನೇಜರು. ಆಟಗಾರರನ್ನು ತರುವುದು, ಕಳಿಸುವುದು, ಯಾರು ಎಲ್ಲಿ ನಿಲ್ಲಬೇಕು, ಚೆಂಡು ಯಾವ ದಾರಿಯಲ್ಲಿ ಹೋಗಬೇಕು ಅಂತ ಬಾಣದ ಗುರುತು ಹಾಕುವುದು. ಆಮೇಲೆ ಕೈಕಟ್ಟಿ ಕೂತು, ಅವರು ಅದನ್ನು ಮಾಡದಿರುವುದನ್ನು ನೋಡುವುದು. ರಿಚ್ಮಂಡ್ ಹಿಲ್ಲಿನ ಡಾಕ್ಟರು, ಮೈಸೂರಿನವರು, ಮಕ್ಕಳ ವೈದ್ಯರಾಗಿ ರಿಟೈರಾದವರು, ಇದಕ್ಕೆ ನನ್ನ ಜೊತೆಗಾರರು. ಇಬ್ಬರೂ ನೆಟ್ಟಿನಲ್ಲಿ ಒಂದೇ ಲೀಗಿನಲ್ಲಿ ಆಡುತ್ತಿದ್ದೆವು. ಡಾಕ್ಟರು ಪಟ್ಟಿಯ ಮೇಲ್ತುದಿಯ ಟೀಮು ಆರಿಸಿಕೊಂಡರು. ನಾನು ಇಪ್ಪತ್ನಾಲ್ಕರಲ್ಲಿ ಇಪ್ಪತ್ನಾಲ್ಕನೆಯದನ್ನು ಆರಿಸಿಕೊಂಡೆ. ಬಡವರ ಮೇಲಿನ ಪ್ರೀತಿಯಿಂದ. ಪಟ್ಟಿಯನ್ನು ತಲೆಕೆಳಗಾಗಿ ಓದಿದ್ದರಿಂದ ಅನ್ನುತ್ತಾಳೆ ನನ್ನ ಹೆಂಡತಿ.

ಅವಳ ಸಂಕಟ ಬೇರೆ. ಮೇಲಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಮಾಡಲು ಹಂಚು ಕಾಯಿಸಿದರೆ ಸಾಕು, ಹಿಟ್ಟಿನ ಹೊಗೆಗೆ ಚಾವಣಿಯ ಅಲಾರಂ ಕಿರುಚಿಕೊಳ್ಳುತ್ತದೆ. ಅದಕ್ಕೆ ಚಳಿಗಾಲ ಪೂರ್ತಿ ಹಿಂಬಾಗಿಲನ್ನು ಒಂದು ಗೇಣು ತೆಗೆದಿಟ್ಟು, ಮೈನಸ್ ಇಪ್ಪತ್ತರಲ್ಲಿ, ಕೋಟು ಟೊಪ್ಪಿಗೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ ಸೊಂಡಿಲಿನ ಫ್ಯಾನಿನಡಿ ಬೆಚ್ಚಗೆ ನಾನು ಕೂತಿರುತ್ತಿದ್ದೆ.

ಎರಡು ಸಾವಿರದ ಹನ್ನೊಂದರ ಚಳಿಗಾಲದಲ್ಲಿ ಒಂದು ದಿನ ಮೂಗು ಕೆಂಪಗೆ ಮಾಡಿಕೊಂಡು ಕೆಳಗೆ ಬಂದಳು.

"ರೀ, ಇದನ್ನ ನನ್ನ ಒಲಿ ಮ್ಯಾಲಿಂದ ಎತ್ತತೀರೋ ಇಲ್ಲೋ?"

"ಎತ್ತತೀನಿ. ಸೀಸನ್ ಮುಗೀಲಿ."

"ಯಾವ ಸೀಸನ್? ಹೊರಗಿಂದೋ, ಅದರೊಳಗಿಂದೋ?"

ಅರ್ಧ ತಾಸು ವಾದವಾಗಿ ಕರಾರಾಯಿತು. ಸೀಸನ್ ಕೊನೆಗೆ ಕಡೆಯ ಎರಡು ಟೀಮುಗಳನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ. ನನ್ನ ಟೀಮು ಅದರಲ್ಲೊಂದಾದರೆ ಕಂಪ್ಯೂಟರು ಗ್ಯಾರೇಜಿಗೆ, ಒಲೆ ಅವಳಿಗೆ. ಆಗದಿದ್ದರೆ ಒಲೆಯ ಮಾತು ಅವಳು ಮತ್ತೆ ಎತ್ತುವಂತಿಲ್ಲ. ಬರೆದು, ಇಬ್ಬರೂ ಸಹಿ ಹಾಕಿ, ಫ್ರಿಜ್ಜಿಗೆ ಅಂಟಿಸಿದೆವು. ಒಶಾವಾದಲ್ಲಿ ಓದುತ್ತಿದ್ದ ಮಗಳು ವೀಕೆಂಡಿಗೆ ಬಂದವಳು ಅದನ್ನು ನಿಂತು ಓದಿ ಹೇಳಿದಳು: "ಅದರ್ ಪೀಪಲ್ಸ್ ಪೇರೆಂಟ್ಸ್ ಜಸ್ಟ್ ಫೈಟ್."

೨. ರೊಟ್ಟಿ ಸಿದ್ಧಾಂತ

ಮೊದಲ ಒಂಬತ್ತು ಮ್ಯಾಚಿನಲ್ಲಿ ಎಂಟು ಸೋತೆ. ಒಂಬತ್ತನೆಯದು ಹಿಮ ಬಿದ್ದು ಮುಂದಕ್ಕೆ ಹೋಯಿತು.

ಡಾಕ್ಟರು ಪ್ರತಿ ಶನಿವಾರ ಮಧ್ಯಾಹ್ನ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದರು. "ನೋಡಿ, ಸಣ್ಣ ಸಣ್ಣ ಪಾಸು ಕೊಡಿಸಿ. ಮಧ್ಯದಲ್ಲಿ ನೇಯ್ಗೆ ನೇಯ್ದ ಹಾಗೆ ಬರಬೇಕು." ನನ್ನ ಹುಡುಗರು ನೇಯುತ್ತಿದ್ದರು. ಎದುರು ಟೀಮಿನವರು ಬಂದು ಮಗ್ಗವನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಒಂದು ಶನಿವಾರ ಹೆಂಡತಿ ಉಳ್ಳಾಗಡ್ಡಿ ಒಯ್ಯಲು ಕೆಳಗೆ ಬಂದಳು. ಪರದೆಯ ಮೇಲೆ ನನ್ನ ಕೆಂಪು ಅಂಗಿಯವರೂ ಎದುರು ಟೀಮಿನ ನೀಲಿ ಅಂಗಿಯವರೂ ಮಧ್ಯದಲ್ಲಿ ಗುಂಪುಗೂಡಿದ್ದರು.

"ನಡುವ ಇಷ್ಟ ಮಂದಿ ಅದಾರ. ನೀವೂ ಅಲ್ಲೇ ಯಾಕ ನುಗ್ಗತೀರಿ?"

"ಗೋಲು ನಡುವ ಅದ."

"ಇರಲಿ ಬಿಡ್ರಿ. ರೊಟ್ಟಿ ನಡುವ ಎಂದಾರ ಬಿರೀತದೇನು? ಅಂಚಿನ್ಯಾಗ ಬಿರೀತದ."

ಹೇಳಿ, ಉಳ್ಳಾಗಡ್ಡಿ ತೆಗೆದುಕೊಂಡು ಹೋದಳು.

ನಾನು ಕೂತು ಯೋಚಿಸಿದೆ. ಆಮೇಲೆ ಎಡಗಡೆಯವನನ್ನು ಎಡಗಡೆಯ ಗೆರೆಗೆ, ಬಲಗಡೆಯವನನ್ನು ಬಲಗಡೆಯ ಗೆರೆಗೆ ಅಂಟಿಸಿದೆ. ನಡುವೆ ಚೆಂಡು ಮುಟ್ಟಲೇಬೇಡಿ ಅಂದೆ. ಗೆರೆಗುಂಟ ಓಡಿ, ತುದಿ ಮುಟ್ಟಿ, ಅಲ್ಲಿಂದ ಗೋಲಿನ ಮುಂದಕ್ಕೆ ಎತ್ತಿ ಹಾಕಿ. ಫುಟ್ಬಾಲಿನವರು ಇದಕ್ಕೆ ಕ್ರಾಸ್ ಅನ್ನುತ್ತಾರೆ. ಅವತ್ತಿನ ಮ್ಯಾಚು ಒಂದು–ಒಂದು ಡ್ರಾ ಆಯಿತು. ಸೀಸನ್ನಿನ ಮೊದಲ ಪಾಯಿಂಟು. ಕುಣಿಯುತ್ತ ಮೇಲೆ ಹೋಗಿ ಅವಳಿಗೆ ಸುದ್ದಿ ಹೇಳಿದೆ.

ಅವಳು ಕೈ ಒರೆಸಿಕೊಂಡು, ಪೆನ್ನು ಹುಡುಕಿ, ಫ್ರಿಜ್ಜಿನ ಕರಾರಿನ ಕೆಳಗೆ ಒಂದು ಸಾಲು ಸೇರಿಸಿದಳು: 'ಎದುರು ಪಕ್ಷದವರಿಂದ ಸಲಹೆ ಪಡೆಯುವಂತಿಲ್ಲ.'

೩. ಎರಡೂವರೆ ನಕ್ಷತ್ರ

ಅಂಚಿನಿಂದ ಚೆಂಡು ಬರತೊಡಗಿತು. ಒಂದು ಮ್ಯಾಚಿಗೆ ನಲವತ್ತು ಸಲ ಬರುತ್ತಿತ್ತು. ಆದರೆ ಬಂದ ಚೆಂಡಿಗೆ ತಲೆ ಕೊಡುವವರಿಲ್ಲ. ನನ್ನ ಸ್ಟ್ರೈಕರು ಐದಡಿ ಐದಿಂಚು. ಚೆಂಡು ಅವನ ಮೇಲಿಂದ ವಿಮಾನದ ಹಾಗೆ ಹೋಗುತ್ತಿತ್ತು, ಅವನು ಕೆಳಗೆ ನಿಂತು ನೋಡುತ್ತಿದ್ದ. ಒಬ್ಬ ಉದ್ದನೆಯ ಹುಡುಗ ಬೇಕಾಗಿತ್ತು.

ಆ ಭಾನುವಾರ ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಡಾಕ್ಟರು ಕೇಳಿದರು, "ಏನ್ರೀ, ಹುಡುಗ ಸಿಕ್ಕಿದನೇ?"

"ಸಿಕ್ಕಾನ ಸರ್. ಮಾತುಕತೆ ಮುಗೀತು."

ಡಾಕ್ಟರು ಪುಳಿಯೋಗರೆ ಹಾಕಿಸಿಕೊಂಡು ಮುಂದೆ ಹೋದರು. ನನ್ನ ಹಿಂದೆ ನಿಂತಿದ್ದ ಬೆಂಗಳೂರಿನ ಆಂಟಿ ನನ್ನ ತೋಳು ಹಿಡಿದರು. ಅವರಿಗೆ ನನಗೊಬ್ಬ ಮಗಳಿರುವುದು ಗೊತ್ತು. ಫುಟ್ಬಾಲು ಗೊತ್ತಿಲ್ಲ.

"ತುಂಬಾ ಸಂತೋಷಪ್ಪ. ಹುಡುಗ ಎಲ್ಲಿದ್ದಾನೆ?"

"ನಾರ್ವೆಯಲ್ಲಿ."

"ಎತ್ತರ?"

"ಆರಡಿ ನಾಲ್ಕಿಂಚು."

"ಅಬ್ಬಾ! ಆರೋಗ್ಯವಾಗಿದ್ದಾನಾ?"

"ರಿಪೋರ್ಟ್ ತರಿಸೀನಿ. ಕಾಲು ಅಷ್ಟಕ್ಕಷ್ಟೇ. ತಲಿ ಮಾತ್ರ ಭಾಳ ಚಲೋ ಅದ."

"ತಲೆ ಇದ್ರೆ ಸಾಕು ಬಿಡಪ್ಪ. ಅಲ್ಲಿ ಏನಾಗಿದ್ದಾನೆ?"

"ಸದ್ಯ ಬೆಂಚಿನ ಮ್ಯಾಲೆ ಅದಾನ್ರಿ."

ಆಂಟಿಯ ಕಣ್ಣುಗಳು ಅಗಲವಾದವು. "ಜಡ್ಜಾ! ಇಷ್ಟು ಚಿಕ್ಕ ವಯಸ್ಸಿಗೆ!"

ನಾನು ಸುಳ್ಳು ಹೇಳಿಲ್ಲ. ಆಡಲು ಇಳಿಸದ ಹುಡುಗರು ಕೂರುವುದು ಬೆಂಚಿನ ಮೇಲೆಯೇ. "ಹೋದ ವರ್ಷಪೂರ್ತಿ ಅಲ್ಲೇ ಇದ್ದ," ಅಂದೆ. "ಒಂದು ಸಲಾನೂ ಎಬ್ಬಿಸಿಲ್ಲ ಅವನ್ನ."

"ಯಾರು ಎಬ್ಬಿಸ್ತಾರೆ, ಜಡ್ಜನ್ನ! ಅದಿರಲಿ, ನಕ್ಷತ್ರ ಯಾವುದು?"

ಆಟದಲ್ಲಿ ಹುಡುಗರ ಯೋಗ್ಯತೆಗೆ ಐದರ ಮೇಲೆ ಇಷ್ಟು ಸ್ಟಾರು ಅಂತ ಕೊಟ್ಟಿರುತ್ತಾರೆ. "ಎರಡೂವರೆ," ಅಂದೆ.

ಆಂಟಿ ಬೆರಳು ಮಡಚುತ್ತ ಎಣಿಸಿದರು. "ಅಶ್ವಿನಿ ಒಂದು, ಭರಣಿ ಎರಡು, ಅರ್ಧ ಅಂದ್ರೆ... ಕೃತ್ತಿಕಾ ಎರಡನೇ ಪಾದ. ವೃಷಭ ರಾಶಿ. ಗಟ್ಟಿ ಜಾತಕ ಕಣಪ್ಪ, ಬಿಡಬೇಡ."

ಬಿಡಲಿಲ್ಲ, ಸಹಿ ಹಾಕಿಸಿಕೊಂಡೆ. ನಾಲ್ಕು ದಿನದೊಳಗೆ ಮಿಸ್ಸಿಸಾಗಾದಿಂದ ಒಶಾವಾದವರೆಗೆ ಕನ್ನಡದವರೆಲ್ಲ ನನ್ನ ಹೆಂಡತಿಗೆ ಫೋನ್ ಮಾಡಿ ಶುಭಾಶಯ ಹೇಳಿದರು. ಶುಕ್ರವಾರ ಮಗಳು ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ಕೂಗಿದಳು.

"ಡ್ಯಾಡ್! ವೈ ಆಮ್ ಐ ಮ್ಯಾರಿಯಿಂಗ್ ಅ ನಾರ್ವೀಜಿಯನ್ ಜಡ್ಜ್?"

"ಮದುವಿ ಅಲ್ಲವ್ವಾ," ಅಂದೆ. "ಎರವಲು ತಂದದ್ದು. ಮೇ ತಿಂಗಳಿಗೆ ವಾಪಸ್ ಕೊಡಬೇಕು."

೪. ಜಾಗ ಬಿಡದ ಚುಕ್ಕೆ

ನಾರ್ವೆಯ ಹುಡುಗ ಬಂದಮೇಲೆ ಗೋಲು ಬೀಳತೊಡಗಿದವು. ಇಪ್ಪತ್ತೊಂದನೇ ಜಾಗಕ್ಕೆ ಏರಿದೆ. ಹೆಂಡತಿ ಗ್ಯಾರೇಜಿನಲ್ಲಿ ನನ್ನ ಟೇಬಲ್ಲಿಗೆ ಅಂತ ಖಾಲಿ ಮಾಡಿಸಿದ್ದ ಮೂಲೆಯಲ್ಲಿ ಮತ್ತೆ ಹಿಮ ತಳ್ಳುವ ಸಲಿಕೆ ಇಟ್ಟಳು. ನಾನು ಕೆಲಸದ ಮೇಲೂ ಇದನ್ನೇ ಯೋಚಿಸುತ್ತಿದ್ದೆ.

ಒಂದು ದಿನ ಸ್ಕಾರ್ಬರೋದ ಹನ್ನೆರಡು ಮಹಡಿ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತ್ತು. ಬಿಡಿಭಾಗ ಬರುವವರೆಗೆ ಕಾಯುತ್ತ, ಕಟ್ಟಡ ನೋಡಿಕೊಳ್ಳುವವನ ಆಫೀಸಿನ ಬಿಳಿ ಹಲಗೆಯ ಮೇಲೆ ನನ್ನ ತಂತ್ರ ಬರೆದು ನೋಡಿದೆ. ಹನ್ನೊಂದು ಚುಕ್ಕೆ. ಎಡಬಲ ಅಂಚಿಗೆ ಎರಡು ದೊಡ್ಡ ಬಾಣ, ಅಂಚಿನ ತುದಿಯಿಂದ ಮತ್ತೆ ಮಧ್ಯಕ್ಕೆ ಎರಡು ಬಾಣ, ಅಲ್ಲೊಬ್ಬ ಉದ್ದನೆಯವನು. ಅಳಿಸುವುದರೊಳಗೆ ಅವನು ಬಂದುಬಿಟ್ಟ. ಒಳ್ಳೆಯ ಮನುಷ್ಯ, ಎಲ್ಲದರಲ್ಲೂ ಶಿಸ್ತು. ಮುಂದಿನ ವಾರ ಅವನ ಕಟ್ಟಡದಲ್ಲಿ ಫೈರ್ ಡ್ರಿಲ್ ಇತ್ತು.

"ಇದು ಕಂಪನಿಯಿಂದ ಬಂದ ಹೊಸ ಪ್ಲಾನಾ?" ಅಂತ ಕೇಳಿದ.

"ಹೊಸದೇ," ಅಂದೆ.

"ಎರಡೂ ಕಡೆಯ ಮೆಟ್ಟಿಲಿನಿಂದ ಇಳಿದು, ಹೊರಗೆ ಮಧ್ಯದಲ್ಲಿ ಸೇರುವುದು. ಈ ಉದ್ದನೆಯವನು ಯಾಕೆ?"

"ಎಲ್ಲರಿಗೂ ಕಾಣಲಿ ಅಂತ."

ಅವನು ತಲೆದೂಗಿದ. ಆಮೇಲೆ ಎಲ್ಲಕ್ಕಿಂತ ಹಿಂದೆ ಒಂಟಿಯಾಗಿದ್ದ ಚುಕ್ಕೆಗೆ ಬೆರಳಿಟ್ಟ. "ಇದು ಯಾರು?"

ಅದು ಗೋಲ್‌ಕೀಪರು. ಆದರೆ ಮಾತು ಅಷ್ಟು ದೂರ ಬಂದಮೇಲೆ ಹಾಗನ್ನುವುದು ಚೆನ್ನಾಗಿರುವುದಿಲ್ಲ. "ಅದು ನೀವು," ಅಂದೆ. "ಏನೇ ಆದರೂ ನೀವು ಜಾಗ ಬಿಟ್ಟು ಕದಲಬಾರದು."

ಡ್ರಿಲ್ ಬಹಳ ಚೆನ್ನಾಗಿ ಆಯಿತಂತೆ. ಎಲ್ಲರೂ ಎರಡು ಅಂಚಿನಿಂದ ಇಳಿದು, ಒಂಬತ್ತನೇ ಮಹಡಿಯ ಉದ್ದನೆಯ ಬ್ಯಾಸ್ಕೆಟ್‌ಬಾಲ್ ಹುಡುಗನ ಸುತ್ತ ಸೇರಿದರು. ತಪಾಸಣೆಗೆ ಬಂದಿದ್ದ ಅಧಿಕಾರಿ ಇಷ್ಟು ಬೇಗ ಖಾಲಿಯಾದ ಕಟ್ಟಡ ತಾನು ನೋಡೇ ಇಲ್ಲ ಅಂದನಂತೆ. ಇದನ್ನೆಲ್ಲ ಹೇಳಿದವರು ಅಲ್ಲಿನ ಬಾಡಿಗೆದಾರರು. ಕಟ್ಟಡ ನೋಡಿಕೊಳ್ಳುವವನಿಗೆ ಗೊತ್ತಿರಲಿಲ್ಲ. ಅವನು ಒಳಗೇ ನಿಂತಿದ್ದ.

೫. ಡಾಕ್ಟರ ಮೈಕು

ಡಾಕ್ಟರಿಗೆ ನನ್ನ ಏಳಿಗೆ ಸಹಿಸಲಾಗಲಿಲ್ಲ ಅನ್ನುವುದಿಲ್ಲ. ಹಿರಿಯರು. ಆದರೆ, "ನಿಮ್ಮದು ಫುಟ್ಬಾಲಲ್ಲ ರೀ, ಮಾವಿನಕಾಯಿಗೆ ಕಲ್ಲು ಹೊಡೆಯೋದು," ಅಂದರು. ಅದು ಮನಸ್ಸಿಗೆ ಹತ್ತಿತು.

ಒಂದು ದಿನ ಅವರೇ ಫೋನಿನಲ್ಲಿ ಕೇಳಿದರು. "ನಿಮ್ಮ ಹುಡುಗರು ಈಗ ಇಷ್ಟು ಚೆನ್ನಾಗಿ ಮಾತು ಕೇಳ್ತಾರಲ್ಲ, ಹೇಗೆ?"

"ಮೈಕು ಸರ್," ಅಂದೆ.

"ಯಾವ ಮೈಕು?"

"ಆಟದ ಹೊಸ ವರ್ಶನ್ನಿನ್ಯಾಗ ಅದ ಅಲ್ರೀ. ಕಂಪ್ಯೂಟರಿಗೆ ಮೈಕ್ ಹಾಕಿ ನಾವು ಹುರುಪು ತುಂಬಿದರ ಆಟಗಾರರಿಗೆ ಕೇಳಿಸ್ತದ. ಆದರ ಬ್ರಿಟಿಷ್ ಉಚ್ಚಾರ ಬೇಕು. ನಂದು ಅರ್ಧಮರ್ಧ ತಿಳೀತದ ಅವರಿಗೆ. ನೀವು ಲಂಡನ್ನಿನ್ಯಾಗ ಓದಿದವರು."

ಮುಂದಿನ ಶನಿವಾರ ಡಾಕ್ಟರ ಹೆಂಡತಿ ನನಗೆ ಫೋನ್ ಮಾಡಿದರು. ಧ್ವನಿ ತಗ್ಗಿಸಿದ್ದರು.

"ನಮ್ಮವರು ಕೋಣೆ ಬಾಗಿಲು ಹಾಕ್ಕೊಂಡು ಯಾರಿಗೋ ಇಂಗ್ಲಿಷಲ್ಲಿ ಧೈರ್ಯ ಹೇಳ್ತಾ ಇದಾರಪ್ಪ. ಒಳಗೆ ಯಾರೂ ಇಲ್ಲ. 'ವೆಲ್ ಡನ್ ಮೈ ಬಾಯ್, ಡೋಂಟ್ ಬಿ ಅಫ್ರೇಡ್' ಅಂತಾರೆ. ಇಂಜೆಕ್ಷನ್ ಕೊಡೋವಾಗ ಮಕ್ಕಳಿಗೆ ಹೀಗೇ ಹೇಳ್ತಿದ್ರು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಡಾಕ್ಟರು ಅವತ್ತು ನಾಲ್ಕು ಗೋಲಿನಿಂದ ಗೆದ್ದರು. ಅದರ ಮುಂದಿನ ವಾರವೂ ಗೆದ್ದರು. ಒಟ್ಟು ಸಾಲಾಗಿ ಏಳು ಗೆದ್ದರು.

ಎಂಟನೇ ವಾರ ನಾನೂ ಒಂದು ಮೈಕು ತಂದೆ. "ಲೇ ಮಗನ, ಅಂಚಿಗೆ ಹೋಗಲೇ! ಎತ್ತಿ ಹಾಕಲೇ!" ಅಂತ ಒಂದು ತಿಂಗಳು ಕೂಗಿದೆ. ಐದು ಮ್ಯಾಚು ಸೋತೆ. ಧಾರವಾಡದ ಉಚ್ಚಾರ ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

೬. ಹಂಚಿನ ಮೇಲೆ ಒಂದು

ಹೀಗಾಗಿ ಕೊನೆಯ ಮ್ಯಾಚಿಗೆ ಬರುವಷ್ಟರಲ್ಲಿ ನಾನು ಇಪ್ಪತ್ತೆರಡನೇ ಜಾಗದಲ್ಲಿದ್ದೆ, ತುದಿಯಲ್ಲಿ ತೂಗಾಡುತ್ತ. ಸೋತರೆ ಇಪ್ಪತ್ತಮೂರು, ಅಂದರೆ ಗ್ಯಾರೇಜು. ಡ್ರಾ ಮಾಡಿಕೊಂಡರೆ ಉಳಿದೆ. ಎದುರಿಗೆ ಡಾಕ್ಟರ ಟೀಮು. ಅವರು ಆಗಲೇ ಲೀಗು ಗೆದ್ದು ಕೂತಿದ್ದರು. "ಸರ್, ಒಂದು ಡ್ರಾ," ಅಂತ ಸೂಚ್ಯವಾಗಿ ಕೇಳಿದೆ. "ಕ್ರೀಡೆಗೆ ಅವಮಾನ ಮಾಡಬಾರದು," ಅಂದರು.

ಮರುವರ್ಷದ ಮಾರ್ಚಿನ ಒಂದು ಶನಿವಾರ, ಊಟದ ಹೊತ್ತು. ಹೊರಗೆ ಮೈನಸ್ ಹದಿನೈದು. ಮೈನಸ್ ಎರಡು ಅನ್ನುತ್ತಾಳೆ ಹೆಂಡತಿ. ಡಾಕ್ಟರು ಫೋನಿನ ಸ್ಪೀಕರಿನಲ್ಲಿದ್ದರು. ಮೇಲಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವಳು ಬೆಳಗಿನಿಂದ ಮೂರು ಸಲ ಟೇಪು ತಂದು ಒಲೆ ಅಳೆದು ಹೋಗಿದ್ದಳು.

ಮೂವತ್ತನೇ ನಿಮಿಷಕ್ಕೆ ಡಾಕ್ಟರು ಒಂದು ಗೋಲು ಹೊಡೆದರು. "ವೆಲ್ ಡನ್ ಮೈ ಬಾಯ್," ಅಂತ ಕೇಳಿಸಿತು. ನಾನು ಅಂಚಿನಿಂದ ಕ್ರಾಸ್ ಮೇಲೆ ಕ್ರಾಸ್ ಹಾಕಿಸಿದೆ. ನಾರ್ವೆಯ ಜಡ್ಜು ಎರಡು ಸಲ ಕಂಬಕ್ಕೆ ಹೊಡೆದ. ಎರಡು ಬದಲಿ ಆಟಗಾರರನ್ನು ಇಳಿಸಿಯಾಗಿತ್ತು, ಇನ್ನೊಬ್ಬನಿಗೆ ಮಾತ್ರ ಅವಕಾಶ. ಎಂಬತ್ತೆರಡನೇ ನಿಮಿಷಕ್ಕೆ ಜಡ್ಜು ಕುಂಟತೊಡಗಿದ. ಬೆಂಚಿನಲ್ಲಿ ಒಬ್ಬ ಒಳ್ಳೆಯ ಸ್ಟ್ರೈಕರಿದ್ದ. ಅವನ ಹೆಸರಿನ ಮೇಲೆ ಮೌಸಿನ ಬಾಣ ಇಟ್ಟಿದ್ದೆ ಅಷ್ಟೆ, ಮೇಲೆ ಅಲಾರಂ ಕಿರುಚಿತು.

ಮೆಟ್ಟಿಲಿನಲ್ಲಿ ಹೆಂಡತಿ ಎದುರಾದಳು. "ನನಗ ಮ್ಯಾಲ ಕೈ ಮುಟ್ಟೂದಿಲ್ಲರೀ. ಲಗೂ ಹೋಗ್ರಿ. ನಾ ಇಲ್ಲಿ ನೋಡ್ಕೋತೀನಿ."

ಓಡಿದೆ. ಅಡುಗೆಮನೆಯಲ್ಲಿ ಕಣ್ಣು ಕಾಣದಷ್ಟು ಹೊಗೆ. ಟವೆಲ್ ತೆಗೆದುಕೊಂಡು ಅಲಾರಮ್ಮಿನ ಕೆಳಗೆ ಧ್ವಜದ ಹಾಗೆ ಬೀಸಿದೆ. ಹಿಂಬಾಗಿಲು ತೆಗೆದೆ. ಅಲಾರಂ ಬಾಯಿ ಮುಚ್ಚಿದ ಮೇಲೆ ಕೆಳಗೆ ಓಡಿ ಬಂದು ನೋಡುತ್ತೇನೆ, ಮುಂದುಗಡೆ, ಜಡ್ಜಿನ ಜಾಗದಲ್ಲಿ, ಹಸಿರು ಅಂಗಿಯವನೊಬ್ಬ ನಿಂತಿದ್ದಾನೆ. ನನ್ನ ಎರಡನೇ ಗೋಲ್‌ಕೀಪರು. ಕೈಗವಸು ಸಮೇತ.

"ಏನ ಮಾಡಿದಿ ಇದು!"

"ಕುಂಟನ್ನ ತಗದೆ. ಉದ್ದ ಇದ್ದವನ್ನ ಹಾಕಿದೆ," ಅಂದಳು ಶಾಂತವಾಗಿ. "ಉದ್ದ ಇರಬೇಕು ಅಂತ ವರ್ಷೆಲ್ಲಾ ನೀವ ಅಲ್ಲೇನು ಅಂದದ್ದು? ಇಂವಾ ಆರಡಿ ಏಳಿಂಚು ಅದಾನ."

ಬದಲಾಯಿಸುವ ಅವಕಾಶ ಮುಗಿದಿತ್ತು. ಆಟ ಮುಗಿಯಲು ಮೂರು ನಿಮಿಷ. ಸ್ಪೀಕರಿನಲ್ಲಿ ಡಾಕ್ಟರು, "ಏನ್ರೀ, ಸ್ಟ್ರೈಕರ್ ಹಸಿರು ಅಂಗಿ ಹಾಕಿದಾನೆ?" ಅಂದರು. ನಾನು ಗ್ಯಾರೇಜಿಗೆ ಎಂಥ ಹೀಟರು ತರಬೇಕು ಅಂತ ಯೋಚಿಸುತ್ತಿದ್ದೆ.

ಎಡಗಡೆಯ ಹುಡುಗ ಗೆರೆಗುಂಟ ಓಡಿ, ತುದಿ ಮುಟ್ಟಿ, ಎತ್ತಿ ಹಾಕಿದ. ಹಸಿರು ಅಂಗಿಯವನಿಗೆ ಓಡಲು ಬರುವುದಿಲ್ಲ, ಒದೆಯಲು ಬರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಅವನು ಕಲಿತದ್ದು ಒಂದೇ: ಅಂಚಿನಿಂದ ಚೆಂಡು ಬಂದರೆ ಹಾರುವುದು. ಹಾರಿದ. ಕೈ ಎತ್ತಲು ಹೋಗಿ, ನೆನಪಾಗಿ, ಕೆಳಗಿಳಿಸಿದ. ತಲೆಗೆ ಬಡಿದ ಚೆಂಡು ಗೋಲಿನೊಳಗೆ ಹೋಯಿತು.

ಒಂದು–ಒಂದು. ಸೀಸನ್ ಮುಗಿಯಿತು. ನಾನು ಇಪ್ಪತ್ತೆರಡನೆಯವನಾಗಿಯೇ ಉಳಿದೆ.

ಸ್ಪೀಕರಿನಲ್ಲಿ ಡಾಕ್ಟರು ಚಪ್ಪಾಳೆ ತಟ್ಟಿದ್ದು ಕೇಳಿಸಿತು. "ಗೋಲ್‌ಕೀಪರನ್ನು ಮುಂದೆ ನಿಲ್ಲಿಸುವ ಧೈರ್ಯ! ಯಾರ ತಂತ್ರ ಇದು?"

"ನಮ್ಮ ಮನಿಯವರದು ಸರ್. ಇಲ್ಲೇ ಅದಾರ."

"ತಾಯೀ, ನಿಮಗೆ ನನ್ನ ನಮಸ್ಕಾರ. ಇವರ ಬೇಸ್‌ಮೆಂಟು ಉಳಿಸಿದವರು ನೀವೇ."

ಅವಳು ಹೊಗಳಿಕೆಗೆ ನಿಲ್ಲದೆ ಮೇಲೆ ಹೋದಳು. ಎಷ್ಟು ದೊಡ್ಡ ಮನಸ್ಸು ಅಂದುಕೊಂಡು, ಧನ್ಯವಾದ ಹೇಳಲು ಹಿಂದೆಯೇ ಹೋದೆ. ಆಗ ಅಡುಗೆಮನೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅಲ್ಲಿನ ಪುಟ್ಟ ಫ್ಯಾನು ಆಫ್ ಇತ್ತು. ರೊಟ್ಟಿ ಮಾಡುವಾಗ ಅವಳು ಎಂದೂ ಹಾಕದ ಹಿಂಬಾಗಿಲಿನ ಚಿಲಕವನ್ನು, ಆಗ ಓಡಿ ಬಂದಾಗ ನಾನೇ ತೆಗೆದದ್ದು ನೆನಪಾಯಿತು. ಹಂಚಿನ ಮೇಲೆ ಒಂದೇ ಒಂದು ರೊಟ್ಟಿ, ಇದ್ದಿಲಾಗಿ ಕೂತಿತ್ತು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಅವಳ ಕೈಯಲ್ಲಿ ರೊಟ್ಟಿ ಸೀದದ್ದು ಅದೊಂದೇ.

"ಅಂದರ ಅಲಾರಂ ನೀನ..." ಅಂದೆ.

ಅವಳು ಆ ರೊಟ್ಟಿಯನ್ನು ಚಿಮಟದಿಂದ ಎತ್ತಿ ತಾಟಿಗೆ ಹಾಕಿ ನನ್ನ ಕೈಯಲ್ಲಿಟ್ಟಳು. "ಉಣ್ಣರಿ," ಅಂದಳು. "ಗೆದ್ದೀರಲ್ಲ."

ಕೆಳಗೆ ತಂದು, ಒಲೆಯ ಮೇಲಿನ ಹಲಗೆಯ ಮೇಲೆ ತಾಟು ಇಟ್ಟುಕೊಂಡು, ಪೂರ್ತಿ ತಿಂದೆ. ಕರಕಲಾಗಿತ್ತು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ನಿಜ ಹೇಳಬೇಕು, ಅಂಚು ಎಲ್ಲೂ ಬಿರಿದಿರಲಿಲ್ಲ.